ಶೇಖರಪ್ಪನ ಬಾಡಿ

ಹಬೀಬ್ ಚಟ್ಟದ ಕೊನೆಯ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿರುವಾಗಲೇ ಆಸ್ಪತ್ರೆಯ ವ್ಯಾನು ಹಿಂದುಹಿಂದಕ್ಕೆ ಬಂದು ಶೆಡ್ಡಿನ ಅಂಗಳದಲ್ಲಿ ನಿಂತಿತು. ಹಿಂಬಾಗಿಲು ತೆರೆಯಿತು. ಗಂಡನ ಪಾದಗಳ ಪಕ್ಕದಲ್ಲಿ ಕೂತು ಬಂದಿದ್ದ ಸಂಗಮ್ಮ ಇಳಿಯಲೆಂದು ಒಂದು ಕಾಲು ಕೆಳಗಿಟ್ಟವಳು, ಉದ್ದಕ್ಕೆ ಹಾಸಿದ್ದ ಎರಡು ಬಿದಿರನ್ನೂ ಅದರ ಮೇಲೆ ಹರಡಿದ್ದ ಹುಲ್ಲನ್ನೂ ನೋಡಿ ಅಲ್ಲೇ ನಿಂತಳು.

"ಇದು ಬ್ಯಾಡ," ಅಂದಳು.

ಹಬೀಬ್ ಬಾಯಿಂದ ಹಗ್ಗ ಬಿಟ್ಟ. "ಯಾಕಕ್ಕ? ಗಟ್ಟಿಯಾಗೇ ಕಟ್ಟಿದೀನಿ. ನಾನೇ ಮೇಲೆ ಮಲಗಿ ನೋಡ್ದೆ."

"ಮಲಗಿ ನೋಡಿದ್ನಂತೆ," ಎಂದು ದೊಡ್ಡಮುನಿಯಮ್ಮ ಗೊಣಗಿದಳು. "ಜೀವ ಇರೋನು ಚಟ್ಟದ ಮ್ಯಾಲೆ ಮಲಗ್ತಾನೇನಲಾ? ಬುದ್ಧಿ ಎಲ್ಲಿ ಅಡ ಇಟ್ಟಿದ್ದೆ?" ಶೆಡ್ಡಿನ ಜಾಗದ ಮಾಲೀಕ ಮುನಿವೆಂಕಟಪ್ಪನ ತಾಯಿ ಆಕೆ. ಪಕ್ಕದ ದೊಡ್ಡನೆಕ್ಕುಂದಿಯ ಹಳೆಯ ಮನೆಗಳಲ್ಲಿ ಹುಟ್ಟಿದವರಿಗೆ ಮೊದಲ ನೀರು, ಹೋದವರಿಗೆ ಕೊನೆಯ ನೀರು ಎರಡೂ ಆಕೆಯ ಕೈಯಿಂದಲೇ ಆಗಬೇಕಿತ್ತು.

"ಗಟ್ಟಿ ಮಾತಲ್ರಿ," ಅಂದಳು ಸಂಗಮ್ಮ. "ನಮ್ಮಾಗ ಮಲಗಿಸಿ ಒಯ್ಯೂದಿಲ್ಲ. ಕುಂದ್ರಿಸಿ ಒಯ್ತಾರ. ಮಣ್ಣಾಗೂ ಕುಂದ್ರಿಸೇ ಇಡ್ತಾರ."

ವ್ಯಾನಿನ ಡ್ರೈವರು, "ಬೇಗ ಇಳಿಸ್ಕೊಳ್ರಪ್ಪ, ನಂಗೆ ಇನ್ನೊಂದು ಕಡೆ ಹೋಗ್ಬೇಕು," ಅಂದ.

ಇಳಿಸಿಕೊಂಡರು. ಆಸ್ಪತ್ರೆಯವರು ಶೇಖರಪ್ಪನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿ, ಕೈಗಳನ್ನು ಪಕ್ಕಕ್ಕೆ ಎಳೆದು, ಮಡಿಕೆಯಿಲ್ಲದ ಬಟ್ಟೆಯ ಹಾಗೆ ನೇರ ಮಾಡಿ ಕಳಿಸಿದ್ದರು. ಬೆಳಗಿನ ಜಾವ ಹೋದ ಜೀವ. ಈಗ ಹೊತ್ತು ನೆತ್ತಿಗೇರಿತ್ತು. ಹಬೀಬ್ ಮಂಡಿಯ ಕೆಳಗೆ ಕೈಕೊಟ್ಟು ಮೆಲ್ಲಗೆ ಎತ್ತಿ ನೋಡಿದ. ಮಂಡಿ ಮಡಚಿಕೊಳ್ಳಲಿಲ್ಲ. ಸೊಂಟದವರೆಗೂ ಒಂದೇ ತೊಲೆಯ ಹಾಗೆ ಎದ್ದಿತು.

"ಅಕ್ಕ," ಅಂದ ಹಬೀಬ್. "ಇದು ಹೆಂಗೆ ಕೂರುತ್ತೆ?"

ಸಂಗಮ್ಮನಿಗೆ ಗೊತ್ತಿರಲಿಲ್ಲ. ರಾಣೆಬೆನ್ನೂರು ಕಡೆಯ ಅವಳ ಊರಲ್ಲಾದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಉಸಿರು ನಿಂತ ಮರುಗಳಿಗೆಯಲ್ಲಿ ಯಾರೋ ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ, ತಲೆಗೆ ಬಟ್ಟೆ ಸುತ್ತಿ ಮೇಲಿನ ಗೂಟಕ್ಕೆ ಕಟ್ಟಿಬಿಡುತ್ತಿದ್ದರು. ಯಾರೋ ಬಿದಿರು ಸೀಳಿ, ಹೆಣ ಕೂರುವ ವಿಮಾನ ಕಟ್ಟುತ್ತಿದ್ದರು. ಯಾರೋ ಮಂತ್ರ ಹೇಳುವ ಅಯ್ಯನವರನ್ನು ಕರೆತರುತ್ತಿದ್ದರು, ಯಾರೋ ತಾಳ ಹಿಡಿದು ಭಜನೆಗೆ ಕೂರುತ್ತಿದ್ದರು. ಹೆಂಡತಿಯಾದವಳಿಗೆ ಅಳುವುದೊಂದೇ ಕೆಲಸ. ಇಲ್ಲಿ ಆ ಯಾರೋ ಎಂಬವರೆಲ್ಲ ಅವಳೊಬ್ಬಳೇ ಆಗಬೇಕಿತ್ತು. ಹೆಬ್ಬೆರಳು ಕಟ್ಟುವಾಗಲೇ ಬೇಡವೆನ್ನಬೇಕೆಂದು ಅವಳಿಗೆ ಹೊಳೆದಿತ್ತು. ಕಟ್ಟುತ್ತಿದ್ದವನ ಅವಸರ ನೋಡಿ ಬಾಯಿ ಬಂದಿರಲಿಲ್ಲ.

"ಫೋನ್‌ನಲ್ಲೇ ಒಂದ್ ಮಾತು ಹೇಳಿದ್ರೆ ಆಸ್ಪತ್ರೆಗೆ ನಾವೇ ಬಂದು ಏನಾದ್ರೂ ಮಾಡ್ತಿದ್ವಲ್ಲಮ್ಮ," ಅಂದ ಅಜ್ಮತ್. ಶೆಡ್ಡು ಅವನದು, ಲಾರಿಗೆ ಬಾಡಿ ಕಟ್ಟುವ ಶೆಡ್ಡು.

"ಫೋನ್ ವಿಷ್ಯ ಬಿಡಿ ಭಾಯ್," ಎಂದು ಹಬೀಬ್ ಮುಖ ಆಚೆ ತಿರುಗಿಸಿದ.

ಬೆಳಿಗ್ಗೆ ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿನವನು ಸಂಗಮ್ಮನ ಪರವಾಗಿ ಶೆಡ್ಡಿಗೆ ಫೋನು ಹಚ್ಚಿ, "ಶೇಖರಪ್ಪನವರ ಬಾಡಿ ತಗೊಂಡು ಹೋಗೋಕೆ ಯಾರು ಬರ್ತೀರ?" ಎಂದು ಕೇಳಿದ್ದ. ಲಾರಿ ಮಾಲೀಕರು ದಿನಕ್ಕೆ ಹತ್ತು ಸಲ ಕೇಳುವ ಮಾತದು. ಈ ಕಡೆ ಗ್ರೈಂಡರಿನ ಗದ್ದಲದಲ್ಲಿ ಹಬೀಬ್ ಗಂಟಲು ಹರಿಯುವಂತೆ ಕೂಗಿದ್ದ: "ಶೇಖರಪ್ಪನ್ ಬಾಡಿನಾ? ಇನ್ನೂ ಹಲಗೆ ಹೊಡೆದಿಲ್ಲ ಸಾರ್. ಅವನು ಆಸ್ಪತ್ರೆಲಿದಾನೆ. ಬರ್ಲಿ, ಬಂದ್ಮೇಲೆ ಅವನೇ ಮುಗಿಸ್ತಾನೆ." ಬೂತಿನವನು ಸಂಗಮ್ಮನ ಮುಖ ನೋಡಿ, ರಿಸೀವರನ್ನು ಅವಳ ಕೈಗೆ ಕೊಟ್ಟಿದ್ದ. "ಹಬೀಬಣ್ಣಾ, ನಾ ಸಂಗಮ್ಮ," ಎಂದಿದ್ದಳು. ಆಮೇಲೆ ತುಂಬ ಹೊತ್ತು ಆ ಕಡೆಯಿಂದ ಗ್ರೈಂಡರಿನ ಸದ್ದು ಮಾತ್ರ ಬರುತ್ತಿತ್ತು.

*

ಶೇಖರಪ್ಪ ಊರಲ್ಲಿದ್ದಾಗ ಎತ್ತಿನ ಬಂಡಿ ಕಟ್ಟುತ್ತಿದ್ದ. ಬಂಡಿಗಳಿಗೆ ಟಯರು ಬಂದು, ಆಮೇಲೆ ಬಂಡಿಗಳೇ ಹೋದವು. ಮರ ಬಿಟ್ಟು ಬೇರೆ ಯಾವುದರ ಜೊತೆಗೂ ಅವನಿಗೆ ಬಾಳುವೆ ಇರಲಿಲ್ಲ. ಲಾರಿಯೂ ಒಂದು ದೊಡ್ಡ ಬಂಡಿಯೇ ಎಂದು ಯಾರೋ ಹೇಳಿದ್ದಕ್ಕೆ ಕೃಷ್ಣರಾಜಪುರದ ಈ ಶೆಡ್ಡಿಗೆ ಬಂದ. ಆಗೆಲ್ಲ ಲಾರಿಯ ಬಾಡಿ ಎಂದರೆ ಮರವೇ. ಸಂಗಮ್ಮನನ್ನು ಮದುವೆಯಾಗಿ ಕರೆತಂದು ಇರಿಸಿದ್ದು ಶೆಡ್ಡಿನ ಹಿಂದಿನ ಶೀಟಿನ ಮನೆಯಲ್ಲಿ. ಮನೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ.

ಮಕ್ಕಳಾಗಲಿಲ್ಲ. ಸುತ್ತಲಿನ ಹೆಂಗಸರ ಮಾತಿನಲ್ಲಿ ಅರ್ಧ ತೆಲುಗು, ಅರ್ಧ ತಮಿಳು. ಅವಳ ಮಾತು ಕೇಳಿ ಅವರು, "ನೀವು ಕನ್ನಡದೋರಾ?" ಎಂದು ಕೇಳುತ್ತಿದ್ದರು. ಶೇಖರಪ್ಪ ಕತ್ತಲಾದ ಮೇಲೆ ಬಂದು, ಮೈಮೇಲಿನ ಮರದ ಹುಡಿ ಕೊಡವಿ, ಉಂಡು, ಮಲಗುತ್ತಿದ್ದ. ಉಪ್ಪು ಕಡಿಮೆಯಾದರೆ ಉಪ್ಪಿನ ಕಡೆ ನೋಡುವನೇ ಹೊರತು ಹೇಳುವವನಲ್ಲ. ಅವಳು ಮೊದಮೊದಲು ಜಗಳ ತೆಗೆದಳು. ಎದುರಾಳಿಯೇ ಇಲ್ಲದ ಜಗಳ ಎಷ್ಟು ದಿನ ನಡೆದೀತು?

ಆದರೆ ಹಗಲೆಲ್ಲ ಗೋಡೆಯಾಚೆ ಅವನ ಸುತ್ತಿಗೆ ಇರುತ್ತಿತ್ತು. ಎರಡು ಸಣ್ಣ ಏಟು, ನಿಂತು, ಒಂದು ದೊಡ್ಡ ಏಟು. ಹತ್ತು ಸುತ್ತಿಗೆಗಳ ನಡುವೆಯೂ ಅವಳಿಗೆ ಅದು ಬೇರೆಯಾಗಿ ಕೇಳುತ್ತಿತ್ತು. ನಿಂತಿತೆಂದರೆ ಊಟಕ್ಕೆ ಬರುತ್ತಾನೆ. ಆಮೇಲಾಮೇಲೆ ಕಬ್ಬಿಣದ ಬಾಡಿಗಳು ಬಂದವು, ಮರದ ಕೆಲಸ ಕಡಿಮೆಯಾಯಿತು. ಸುತ್ತಿಗೆ ದಿನಕ್ಕೆ ಎರಡು ಮೂರು ಸಲ ಕೇಳಿದರೆ ಹೆಚ್ಚು. ಅಂಥ ದಿನ ಅವಳು ಬಾಗಿಲಿಗೆ ಬಂದು ನಿಂತು ಕಿವಿಗೊಡುತ್ತಿದ್ದಳು.

*

ಮುನಿವೆಂಕಟಪ್ಪ ಬೈಕು ನಿಲ್ಲಿಸಿ, ಗುಂಡಿ ತೋಡಿ ಆಗಿದೆ ಎಂದು ಹೇಳುತ್ತಲೇ ಒಳಬಂದ. ಕೆರೆಯಂಚಿನ ತಮ್ಮ ಊರ ಸ್ಮಶಾನದಲ್ಲಿ ಬಾಡಿಗೆದಾರನೊಬ್ಬನಿಗೆ ಜಾಗ ಕೊಟ್ಟ ಸಮಾಧಾನ ಅವನ ಮುಖದಲ್ಲಿತ್ತು. ವಿಷಯ ತಿಳಿದ ಮೇಲೆ ಅದು ಇಳಿಯಿತು.

"ಕೂರ್ಸೋದಾ? ಏನಮ್ಮಾ ಇದು. ಅಲ್ಲಿ ನಮ್ ತಾತ, ಮುತ್ತಾತ ಎಲ್ಲಾ ಮಲಗವ್ರೆ. ಮಧ್ಯದಲ್ಲಿ ಇವನೊಬ್ಬ ಎದ್ದು ಕೂತಿದ್ರೆ ಏನ್ ಚೆನ್ನಾಗಿರ್ತದೆ?"

"ಕಾವಲು ಕಾಯ್ತಾನೆ ಬುಡು," ಅಂದಳು ದೊಡ್ಡಮುನಿಯಮ್ಮ. "ನಿಮ್ ತಾತ ಬದುಕಿದ್ದಾಗ್ಲೇ ಎದ್ದು ಕೂತಿದ್ದನ್ನ ನಾನು ಕಾಣೆ."

"ನೀನ್ ಸುಮ್ನಿರಮ್ಮ. ಊರೋರು ಕೇಳಿದ್ರೆ?"

"ಯಾವ ಊರೋರು? ಎಲ್ರೂ ಹೊಲ ಮಾರ್ಕೊಂಡು ಕಾರಲ್ಲಿ ತಿರುಗ್ತಾವ್ರೆ. ಸ್ಮಶಾನಕ್ಕೆ ಬರಾಕೆ ಯಾರಿಗೆ ಪುರುಸೊತ್ತು?"

ಮುನಿವೆಂಕಟಪ್ಪ ಸಂಗಮ್ಮನ ಕಡೆ ತಿರುಗಿದ. ನೆಲ ಅಳೆದು ಅಳೆದು ಪಳಗಿದ ಕಣ್ಣು ಅವನದು. "ಮಲಗಿದ್ರೆ ಆರಡಿ ಬೇಕು. ಕೂತ್ರೆ ಮೂರಡಿ ಸಾಕೇನಮ್ಮ?"

"ಸಾಕ್ರಿ. ಆಳ ಬೇಕ್ರಿ."

"ಆಳ ಎಷ್ಟಾದ್ರೂ ಹೋಗ್ಲಿ, ಆಳಕ್ಕೆ ಯಾವನು ಸೈಟ್ ಕೇಳ್ತಾನೆ? ಇರೋ ಗುಂಡಿಲೇ ಒಂದು ತುದಿ ಇಳಿಸ್ತೀನಿ. ಆದ್ರೆ ಒಂದು ಮಾತು. ಹೊತ್ತು ಮುಳುಗೋದ್ರೊಳಗೆ ಆಗ್ಬೇಕು. ಕತ್ತಲಾದ್ರೆ ನನ್ ಆಳು ಒಬ್ನೂ ಅಲ್ಲಿ ನಿಲ್ಲಲ್ಲ. ಅಷ್ಟ್ರಲ್ಲಿ ಇವನು ಕೂರ್ಲಿಲ್ಲ ಅಂದ್ರೆ ಮಲಗಿಸ್ಬಿಡೋದು. ಸರಿನಾ?"

ಸಂಗಮ್ಮ ಹೂಂ ಅಂದಳು. ಅನ್ನದೆ ಬೇರೆ ದಾರಿ ಇರಲಿಲ್ಲ. ಊರಿಗೆ ಒಯ್ಯೋಣವೆಂದರೆ ಅಲ್ಲಿ ಬಾಗಿಲು ತೆರೆಯುವವರು ಯಾರೂ ಉಳಿದಿರಲಿಲ್ಲ. ಅಯ್ಯನವರಿಗಾಗಿ ಅಜ್ಮತ್ ಪೇಟೆಯ ಕಡೆಯ ಒಂದು ಮಠಕ್ಕೆ ಫೋನು ಮಾಡಿಸಿದ್ದ. ನಾಳೆ ಬಂದಾರು ಎಂಬ ಉತ್ತರ ಬಂದಿತ್ತು. ಏಪ್ರಿಲ್ ತಿಂಗಳ ಬಿಸಿಲಿಗೆ ನಾಳೆ ಎಂಬುದು ಬಹಳ ದೂರ.

"ಕೀಲು ಹಿಡ್ಕೊಂಡದೆ ಅಷ್ಟೆ," ಅಂದಳು ದೊಡ್ಡಮುನಿಯಮ್ಮ, ಶೇಖರಪ್ಪನ ಕಾಲನ್ನು ತಟ್ಟಿ ನೋಡಿ. "ಬಿಸಿ ಕಂಡ್ರೆ ಬುಡ್ತದೆ. ಹೊರಗಡೆ ಮೂರು ಕಲ್ಲಿಟ್ಟು ಒಲೆ ಹೂಡಿ. ನೀನು ಬಾಮ್ಮಿ, ಕೈ ನಿಂದೇ ಆಗ್ಬೇಕು."

ಮನೆಯ ಮುಂದಿನ ನೆರಳಲ್ಲಿ, ಬೆಂಚಿನ ಮೇಲೆ ಅವನು. ಕುದಿವ ನೀರಲ್ಲಿ ಟವೆಲು ಅದ್ದಿ, ಹಿಂಡಿ, ಮಂಡಿಗೆ ಸುತ್ತಬೇಕು. ಆರಿದರೆ ಮತ್ತೆ ಅದ್ದಬೇಕು. ಸಂಗಮ್ಮನ ಅಂಗೈ ಕೆಂಪಾಯಿತು. ಲಾರಿಯ ಚೌಕಟ್ಟಿನ ಮೇಲೆ ಮಂಡಿಯೂರಿ ಊರಿ ಅವನ ಎರಡೂ ಮಂಡಿ ಕಪ್ಪುಗಟ್ಟಿ, ಎತ್ತಿನ ಹೆಗಲಿನ ಹಾಗೆ ಒರಟಾಗಿತ್ತು. ಎಡಗಡೆ ಒಂದು ಹಳೆಯ ಹೊಲಿಗೆಯ ಗುರುತು. ಯಾವಾಗಿನದು? ಅವಳಿಗೆ ತಿಳಿಯದು. ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿ, ಈ ಮಂಡಿಯನ್ನು ಹಗಲು ಬೆಳಕಿನಲ್ಲಿ ಮುಟ್ಟಿದ್ದು ಇದೇ ಮೊದಲು.

ಗೋಡೆಯಾಚೆ ಸುತ್ತಿಗೆ ಸದ್ದು ಎದ್ದಿತು. ಸಂಗಮ್ಮನ ಕೈ ನಿಂತಿತು. ಒಂದೇ ಸಮನೆ, ಧಡಧಡನೆ ಬೀಳುವ ಏಟುಗಳು.

"ಏನಾಯ್ತಮ್ಮಿ?"

"ಏನಿಲ್ರಿ. ಬ್ಯಾರೆಯವರು ಬಡಿಯಾಕತ್ಯಾರ."

*

ಒಂದು ಸಲ ಅವಳು ಶೆಡ್ಡಿಗೆ ಹೋಗಿದ್ದುಂಟು. ಊಟದ ಹೊತ್ತು ಮೀರಿದರೂ ಬಾರದ ಗಂಡನಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು.

ಒಳಗೆ ಬಾಡಿ ಕೂರಿಸುತ್ತಿದ್ದರು. ಅವರ ಮಾತು ಅದು. ಕೆಳಗೆ ಲಾರಿಯ ಚಾಸಿ, ಎಂದರೆ ಎಂಜಿನ್ನು, ಗಾಲಿಗಳನ್ನೆಲ್ಲ ಹೊತ್ತ ಉದ್ದನೆಯ ಎರಡು ಉಕ್ಕಿನ ತೊಲೆ. ಮೇಲೆ ಸರಪಳಿಯಲ್ಲಿ ತೂಗುತ್ತಿರುವ, ಶೇಖರಪ್ಪ ಅಡ್ಡತೊಲೆ ಜೋಡಿಸಿ ಕಟ್ಟಿದ ಮರದ ಚೌಕಟ್ಟು. ಅದನ್ನು ಮೆಲ್ಲಗೆ ಇಳಿಸಿ ಚಾಸಿಯ ಮೇಲೆ ಕೂರಿಸಬೇಕು. ನಡುವೆ ಮೆತ್ತನೆ ಮರದ ಪಟ್ಟಿ. ಆಮೇಲೆ ಯೂ ಆಕಾರದ ಬೋಲ್ಟುಗಳಿಂದ ಎರಡನ್ನೂ ಸೇರಿಸಿ ತಬ್ಬಿ ಕಟ್ಟಬೇಕೇ ಹೊರತು ಚಾಸಿಗೆ ವೆಲ್ಡು ಹೊಡೆಯಕೂಡದು, ತೂತು ಕೊರೆಯಕೂಡದು. ಹಳ್ಳದ ರಸ್ತೆಯಲ್ಲಿ ಚಾಸಿ ಬಳುಕಬೇಕು. ಬಳುಕಲು ಬಿಡದಿದ್ದರೆ ಎಲ್ಲಿ ಬಿಗಿದಿದ್ದಾರೋ ಅಲ್ಲೇ ಮುರಿಯುತ್ತದೆ.

ಶೇಖರಪ್ಪ ಕೆಳಗೆ ಅಂಗಾತ ಮಲಗಿ ಒಂದೊಂದು ತೊಲೆಯನ್ನೂ ತಟ್ಟಿ ಕೇಳುತ್ತಿದ್ದ. ಮೇಲಿನವರೆಲ್ಲ ಉಸಿರು ಹಿಡಿದಿದ್ದರು. "ಕುಂತಿತು," ಎಂದ. ಆಮೇಲೆ ಅಲ್ಲಿಂದಲೇ ಇನ್ನೇನೋ ಹೇಳಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಹಬೀಬ್ ಸ್ಪ್ಯಾನರ್ ಕೈಬಿಟ್ಟು ನಕ್ಕ. ಶೇಖರಪ್ಪ ತಾನೂ ನಗುತ್ತ, ಕೈ ಬೀಸಿ ಏನನ್ನೋ ಅಭಿನಯಿಸುತ್ತ ಹೊರಬಂದ. ಅಷ್ಟು ಮಾತಾಡುವ ಆ ಮನುಷ್ಯನನ್ನು ಸಂಗಮ್ಮ ನೋಡಿರಲೇ ಇಲ್ಲ.

ಬಾಗಿಲಲ್ಲಿ ಅವಳನ್ನು ಕಂಡದ್ದೇ ಅವನ ಬಾಯಿ ಮುಚ್ಚಿತು. "ಯಾಕ ಬಂದಿ?" ಅಂದ. ಗದರಿದ್ದಲ್ಲ, ಸುಮ್ಮನೆ ಕೇಳಿದ್ದು. ಅವಳು ಬುತ್ತಿ ಕೊಟ್ಟು ತಿರುಗಿದಳು. ಮತ್ತೆ ಹೋಗಲಿಲ್ಲ.

*

"ಬನ್ನಿ ಅಕ್ಕ, ರೆಡಿ," ಎಂದು ಹಬೀಬ್ ಕರೆದಾಗ ಬಿಸಿಲು ಶೆಡ್ಡಿನ ಪಶ್ಚಿಮದ ಕಿಂಡಿಯಿಂದ ಒಳಗೆ ಬರತೊಡಗಿತ್ತು.

ಬಿದಿರು ಸೀಳಿ ವಿಮಾನ ಕಟ್ಟುವ ಕೆಲಸ ಅವರಿಗೆ ಬಾರದು. ಹೆಗಲ ಮೇಲೆ ಹೊತ್ತೊಯ್ಯಲು ಅಷ್ಟು ಜನವೂ ಇರಲಿಲ್ಲ. ಶೆಡ್ಡಿನಲ್ಲಿ ಒಂದು ಹಳೆಯ ಲಾರಿ, ಕ್ಯಾಬಿನ್ನು ಬಿಚ್ಚಿ, ಹಳೆಯ ಬಾಡಿ ಕಿತ್ತು, ಶೇಖರಪ್ಪ ಹೊಸದಾಗಿ ಅಡ್ಡತೊಲೆ ಹಾಕಿದ ಹಂತದಲ್ಲಿ ನಿಂತಿತ್ತು. ಸ್ಟೇರಿಂಗಿನ ಹಿಂದೆ ಒಂದು ಮರದ ಪೆಟ್ಟಿಗೆ ಇಟ್ಟರೆ ಓಡಿಸಬಹುದು. ಅದರ ಮೇಲೆ ಕೂರಿಸಿಕೊಂಡು ಹೋಗುವುದೆಂದು ಅಜ್ಮತ್ ತೀರ್ಮಾನಿಸಿದ್ದ. "ಕಲ್ಲು, ಮರಳು, ಕುರಿ ಎಲ್ಲಾ ಹೊತ್ತಿರೋ ಗಾಡಿ. ಅದಕ್ಕೇನು ಬೇಜಾರಿಲ್ಲ," ಅಂದಿದ್ದ.

ತೊಲೆಗಳ ಮೇಲೆ ಈಗ ಒಂದು ಸೀಟು ನಿಂತಿತ್ತು. ಕಬ್ಬಿಣದ ಕಾಲು, ಹಿಂದಕ್ಕೆ ಸ್ವಲ್ಪ ಬಾಗಿದ ಬೆನ್ನು, ಪಾದ ಇಡಲು ಮುಂದೊಂದು ಪಟ್ಟಿ. ಹಬೀಬ್ ಅದರ ಬೆನ್ನು ತಟ್ಟಿ ತೋರಿಸಿದ. "ಹೆಂಗಿದೆ?"

ಸಂಗಮ್ಮ ನೋಡಿದಳು. "ಇದರಾಗ ಕುಂತ್ರ ಲಾರಿ ಹೊಡೀಬೇಕಾಗತೈತಿ."

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ನಿಜವೇ: ಕೂರುವುದು ಎಂದದ್ದೇ ಅವರ ಕೈಗಳು ತಾವಾಗಿಯೇ ಡ್ರೈವರ್ ಸೀಟು ಮಾಡಿಬಿಟ್ಟಿದ್ದವು. ಅವರಿಗೆ ಗೊತ್ತಿದ್ದ ಕೂರುವಿಕೆ ಅದೊಂದೇ.

"ಕಾಲು ಇಳಿಬಿಡಬಾರದ್ರಿ. ಚಕ್ಕಳಮಕ್ಕಳ ಹಾಕಬೇಕು. ಬೆನ್ನು ನೆಟ್ಟಗಿರಬೇಕು."

"ಯಾ ಅಲ್ಲಾ," ಎಂದು ಹಬೀಬ್ ಹಣೆ ಒರೆಸಿಕೊಂಡ. ಗ್ಯಾಸ್ ಕಟರ್ ಹೊತ್ತಿಸಿ ಸೀಟಿನ ಕಾಲು ಕತ್ತರಿಸಿದ. ಎರಡೂ ಮಂಡಿ ಚಾಚಿಕೊಳ್ಳುವಷ್ಟು ಅಗಲದ ಹಲಗೆ ಹುಡುಕಿ ತಂದ. ಬೆನ್ನನ್ನು ನೆಟ್ಟಗೆ ಮಾಡಿದ. ಹಲಗೆಯನ್ನು ಅಡ್ಡತೊಲೆಗೆ ಸೇರಿಸುವ ಹೊತ್ತಿಗೆ ಅಜ್ಮತ್ ಗಡಿಯಾರ ನೋಡಿ, "ಸೀಟಿನ ಕಬ್ಬಿಣನ ಚಾಸಿಗೆ ವೆಲ್ಡ್ ಮಾಡಿ ಒಗಿ, ಟೈಮಿಲ್ಲ," ಅಂದ.

"ಶೇಖರಣ್ಣಂಗೆ ವೆಲ್ಡಾ?" ಅಂದ ಹಬೀಬ್. ಅಷ್ಟೇ ಅಂದದ್ದು. ಅಜ್ಮತ್ ತಾನೇ ಹೋಗಿ ಬೋಲ್ಟುಗಳನ್ನು ತಂದುಕೊಟ್ಟ.

ಶೇಖರಪ್ಪನನ್ನು ಮೀಯಿಸಿ, ಧೋತರ ಉಡಿಸಿ, ಶೆಡ್ಡಿನ ಗಂಡಸರೆಲ್ಲ ಎತ್ತಿಕೊಂಡು ಬಂದರು. ಎಡಗಾಲು ಆಗಲೇ ಬಿಟ್ಟಿತ್ತು. ಬಲಗಾಲು ಅರ್ಧಕ್ಕೆ ಬಂದು ನಿಂತಿತು. ದೊಡ್ಡಮುನಿಯಮ್ಮ ಮಂಡಿಯ ಹಿಂದೆ ಬಿಸಿ ಬಟ್ಟೆ ಒತ್ತಿ ಹಿಡಿದಳು. ಸಂಗಮ್ಮ ಪಾದ ಹಿಡಿದಳು. "ಎಳೀಬೇಡ. ಅದೇ ಬರ್ಲಿ," ಅಂದಳು ಮುದುಕಿ. ಕಿಂಡಿಯಿಂದ ಬಂದ ಬಿಸಿಲು ನೆಲದ ಮೇಲೆ ಉದ್ದಕ್ಕೆ ಜರುಗುತ್ತಿತ್ತು. ಬಾಗಿಲಲ್ಲಿ ಮುನಿವೆಂಕಟಪ್ಪ ಬೈಕಿನ ಕೀಲಿ ತಿರುಗಿಸುತ್ತ ನಿಂತಿದ್ದ. ತುಂಬ ಹೊತ್ತಿನ ಮೇಲೆ, ಒಣಗಿದ ತೊಗಲು ನೀರು ಕುಡಿದ ಹಾಗೆ, ಪಾದ ಅವಳ ಕೈಯೊಳಗೆ ಸಡಿಲವಾಯಿತು. ಮಂಡಿ ಮಡಚಿಕೊಂಡಿತು.

ಎದೆಗೆ ಹಗ್ಗ, ಹಗ್ಗ ಒತ್ತದಂತೆ ಒಳಗೆ ಮಡಿಸಿದ ಪಂಚೆ. ತಲೆ ವಾಲದಂತೆ ಬಿಳಿ ರುಮಾಲು ಸುತ್ತಿ ಹಿಂದಿನ ಕಂಬಕ್ಕೆ ಕಟ್ಟಿದರು. ಬಲಮಂಡಿಯ ಕೆಳಗೆ ಉಳಿದ ಸಂದಿಗೆ ಹಬೀಬ್ ತನ್ನ ಹೆಗಲ ವಸ್ತ್ರವನ್ನು ಮಡಿಸಿ ತೂರಿಸಿದ. ಆಮೇಲೆ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದು ನಿಂತರು. ಏನನ್ನೋ ಕಾಯುತ್ತಿರುವವರಂತೆ ನಿಂತೇ ಇದ್ದರು.

"ಕುಂತ್ರು," ಅಂದಳು ಸಂಗಮ್ಮ.

*

ಲಾರಿ ಹಳೇ ಮದ್ರಾಸು ರಸ್ತೆಗೆ ಬಂದಾಗ ಸಂಜೆಯ ಗಿಜಿಗಿಜಿ ಶುರುವಾಗಿತ್ತು. ಕಟ್ಟುತ್ತಿದ್ದ ತೂಗುಸೇತುವೆಯ ಕಂಬಗಳ ಕೆಳಗೆ ಬಸ್ಸುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಕ್ಯಾಬಿನ್ನಿಲ್ಲದ ಲಾರಿಯಲ್ಲಿ ಪೆಟ್ಟಿಗೆಯ ಮೇಲೆ ಹಬೀಬ್. ಅವನ ಹಿಂದೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ, ಬಯಲಿನಲ್ಲಿ ಎತ್ತರಕ್ಕೆ ಶೇಖರಪ್ಪ. ಸಂಗಮ್ಮ ಸೀಟಿನ ಬೆನ್ನು ಹಿಡಿದು ನಿಂತಿದ್ದಳು, ಶೆಡ್ಡಿನವರು ತೊಲೆಗಳ ಮೇಲೆ ನಿಂತಿದ್ದರು.

ಬಸ್ಸಿನ ಕಿಟಕಿಯಲ್ಲಿ ಒಬ್ಬ ಮುದುಕ ಎದ್ದು ನಿಂತು ಕೈಮುಗಿದ. ಅವನನ್ನು ನೋಡಿ ಇನ್ನಿಬ್ಬರು ಮುಗಿದರು. ಕಲ್ಲಂಗಡಿ ಗಾಡಿಯವನು ಓಡಿ ಹತ್ತಿರ ಬಂದು, "ಯಾವ ಮಠದ ಸ್ವಾಮಿಗಳು?" ಎಂದು ಹಬೀಬನನ್ನು ಕೇಳಿದ.

"ನಮ್ ಶೆಡ್ ಮಠ," ಅಂದ ಹಬೀಬ್, ಗೇರು ಬದಲಿಸುತ್ತ.

ಕಲ್ಲಂಗಡಿಯವನಿಗೆ ಏನೂ ತಿಳಿಯಲಿಲ್ಲ. ಆದರೂ ಕೈಮುಗಿದ.

ಕೆರೆಯ ದಡದಲ್ಲಿ ಗುಂಡಿಯ ತುದಿ ಇನ್ನೂ ಒಂದು ಮೊಳ ಇಳಿಯಬೇಕಿತ್ತು. ಆಳುಗಳು ಅಗೆಯುವಾಗ ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಹಬೀಬ್ ಲಾರಿಯ ಗಾಲಿಗೆ ಒರಗಿ ಕೂತಿದ್ದ. ಸಂಗಮ್ಮ ಸ್ವಲ್ಪ ದೂರ ಕೂತಳು.

"ಹಬೀಬಣ್ಣಾ, ಅವರು ನಿಮ್ ಕೂಡ ಏನ್ ಮಾತಾಡ್ತಿದ್ರು?"

"ಏನಾ? ಎಲ್ಲಾ ಮಾತಾಡೋನು. ಬಾಯಿ ಮುಚ್ಚಿದ್ರೆ ತಾನೆ." ಹಬೀಬ್ ಕಡ್ಡಿಯೊಂದನ್ನು ಮುರಿದ. "ನಿಮ್ ರೊಟ್ಟಿ ವಿಷ್ಯ ಅಂತೂ ದಿನಾ. ಗೋಡೆ ಆಕಡೆ ನೀವು ತಟ್ಟೋ ಸದ್ದು ಬಂತು ಅಂದ್ರೆ ಸುತ್ತಿಗೆ ನಿಲ್ಸಿ ಕೇಳೋನು. ಯಾರೂ ಬಡಿಯೋ ಹಂಗಿಲ್ಲ ಆಗ. 'ಇವತ್ತು ಸಿಟ್ಟಲ್ಲಿದಾಳಲೇ, ಜೋರಾಗಿ ತಟ್ತಿದಾಳೆ, ಮನೆಗೆ ಹೋದ್ರೆ ಐತೆ ನಂಗೆ' ಅನ್ನೋನು. ನೀವು ತಟ್ಟೋ ಥರಾನೇ ಕೈ ಮಾಡಿ ತೋರ್ಸೋನು. ನಾವೆಲ್ಲ ಬಿದ್ದು ಬಿದ್ದು ನಗ್ತಿದ್ವಿ."

ಸಂಗಮ್ಮ ಕೆರೆಯ ಕಡೆ ನೋಡಿದಳು. ನೀರಿಗಿಂತ ಜೊಂಡೇ ಹೆಚ್ಚಿತ್ತು.

"ಸಿಟ್ಟಿರಲಿಲ್ರಿ," ಅಂದಳು. "ಇಲ್ಲಿ ಗಿರಣ್ಯಾಗ ಹಿಟ್ಟು ದಪ್ಪಗ ಬೀಸ್ತಾರ. ಜೋರ್ ತಟ್ಟದಿದ್ರ ಹರೀತೈತಿ."

ಗುಂಡಿ ಆಯಿತೆಂದು ಕೂಗು ಬಂತು. ಹಬೀಬನೂ ಒಬ್ಬ ಆಳೂ ಒಳಗಿಳಿದು ನಿಂತರು. ಮೇಲಿನವರು ಹಗ್ಗ ಬಿಚ್ಚಿ, ಕೂತ ಭಂಗಿ ಕೆಡದಂತೆ ಧೋತರದ ಜೋಲಿಯಲ್ಲಿ ಇಳಿಸಿದರು. ಗೋಡೆಗೆ ಒರಗಿಸಿ, ಎರಡೂ ಪಕ್ಕ ಮಣ್ಣು ಒತ್ತಿದರು. ಸಂಗಮ್ಮ ಸೆರಗಿನ ಗಂಟಿನಿಂದ ಆಸ್ಪತ್ರೆಯವರು ಕೊಟ್ಟಿದ್ದ ಕಾಗದದ ಪೊಟ್ಟಣ ತೆಗೆದಳು. ಅವನ ಕೊರಳಿನ ಲಿಂಗ ಅದರಲ್ಲಿತ್ತು. ಅದನ್ನು ಎಡಗೈಯಲ್ಲಿ ಇಡಬೇಕು, ಇಡಬೇಕಾದವರು ಅಯ್ಯನವರು. ಅವಳು ಗುಂಡಿಯಂಚಿಗೆ ಮಂಡಿಯೂರಿ ಬಗ್ಗಿದಳು. ಕೈ ಎಟುಕಲಿಲ್ಲ.

"ಇಳೀತೀನಿ," ಅಂದಳು.

"ಹೆಂಗಸ್ರು ಗುಂಡಿಗೆ ಇಳಿಯೋದಾ?" ಅಂದ ಮುನಿವೆಂಕಟಪ್ಪ. ಅಷ್ಟರಲ್ಲಿ ಹಬೀಬ್ ಕೈಕೊಟ್ಟಾಗಿತ್ತು.

ಒಳಗೆ ಮಣ್ಣು ತಂಪಾಗಿತ್ತು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು, ಮತ್ತೆ ಒಂದೊಂದಾಗಿ ಮಡಿಸಿದಳು. ಏನೋ ಮಂತ್ರವಿತ್ತು, ಅವಳಿಗೆ ಬಾರದು. ಬಿಲ್ವಪತ್ರೆ ಇಟ್ಟಳು. ಅವನ ಹೆಗಲ ಮೇಲೆ ಬಿದ್ದಿದ್ದ ಮಣ್ಣಿನ ಹೆಂಟೆಯನ್ನು, ಮರದ ಹುಡಿ ಒರೆಸುವ ಹಾಗೆ, ಒರೆಸಿದಳು. ಆಮೇಲೆ ಮೇಲಕ್ಕೆ ಕೈಚಾಚಿದಳು.

ಮಣ್ಣು ಎದೆಯವರೆಗೆ, ಕೊರಳವರೆಗೆ, ರುಮಾಲಿನವರೆಗೆ ಏರಿತು. ಹಬೀಬ್ ತಮ್ಮಲ್ಲಿಯ ಪದ್ಧತಿಯಂತೆ ಮೂರು ಹಿಡಿ ಹಾಕಿ ಪಕ್ಕಕ್ಕೆ ನಿಂತ. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ.

*

ಕೂರಿಸಿ ತಂದ ಆಸನವನ್ನು ಅಲ್ಲೇ ಬಿಟ್ಟುಹೋಗಬೇಕೆಂದು ಸಂಗಮ್ಮ ಹೇಳಿದಳು. ಹಬೀಬ್ ಕೈಯಲ್ಲೇ ನಟ್ಟು ತಿರುಗಿಸಲು ನೋಡಿ ಸೋತ. ದೊಡ್ಡ ಸ್ಪ್ಯಾನರು ಶೆಡ್ಡಿನಲ್ಲೇ ಉಳಿದಿತ್ತು. "ನಾಳೆ ಬಿಚ್ಚಿ ತಂದಿಡ್ತೀನಿ ಅಕ್ಕ," ಅಂದ. ಅಜ್ಮತ್ ಮುನಿವೆಂಕಟಪ್ಪನ ಬೈಕು ಹತ್ತಿದ. ಉಳಿದವರು ಕೈಕಾಲು ತೊಳೆಯಲು ಕೆರೆಗಿಳಿದವರು ಅಲ್ಲಿಂದಲೇ ತಂತಮ್ಮ ಮನೆಯ ದಾರಿ ಹಿಡಿದರು.

ಲಾರಿಯಲ್ಲಿ ಈಗ ಪೆಟ್ಟಿಗೆಯ ಮೇಲೆ ಹಬೀಬ್, ಹಿಂದೆ ಅವಳೊಬ್ಬಳು. ಸುತ್ತ ತೊಲೆಗಳು, ತೊಲೆಗಳ ನಡುವೆ ಕೆಳಗೆ ಓಡುವ ನೆಲ. ಕೂರಬಹುದಾದ ಜಾಗ ಒಂದೇ ಇತ್ತು. ಅವಳು ಸ್ವಲ್ಪ ದೂರ ಹಾಗೆಯೇ ಸೀಟಿನ ಬೆನ್ನು ಹಿಡಿದು ಬಗ್ಗಿ ನಿಂತು ಬಂದಳು. ಆಮೇಲೆ ಹಲಗೆಯ ಮೇಲಿನ ಹೂವಿನ ಎಸಳುಗಳನ್ನು ಬದಿಗೆ ಸರಿಸಿ ಕೂತಳು.

ರೈಲ್ವೆ ಗೇಟು ಬಿದ್ದಿತ್ತು. ಹಬೀಬ್ ಎಂಜಿನ್ ನಿಲ್ಲಿಸಿದ. ಪಕ್ಕದಲ್ಲಿ ಫ್ಯಾಕ್ಟರಿ ಬಿಟ್ಟ ಜನರನ್ನು ತುಂಬಿಕೊಂಡ ಬಸ್ಸೊಂದು ಬಂದು ನಿಂತಿತು. ಕಂಬಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಕಿಟಕಿಯಾಚೆ ಬಯಲಲ್ಲಿ, ತನ್ನಷ್ಟೇ ಎತ್ತರದಲ್ಲಿ ಕೂತಿದ್ದ ಇವಳನ್ನು ನೋಡಿದಳು. ನೋಡುತ್ತಲೇ ಇದ್ದಳು. ಸಂಗಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಹಲಗೆ ಅವಳಿಗೆ ಬಹಳ ಅಗಲವಾಗಿತ್ತು. ನಡುವಿನಲ್ಲಿ ಕೂತಿದ್ದವಳು, ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಮಾಡುವ ಹಾಗೆ, ಕಾಲು ಮಡಿಸಿಕೊಂಡು ಮೆಲ್ಲಗೆ ಒಂದು ಅಂಚಿಗೆ ಸರಿದು ಕೂತಳು.